ಚೌಡಮ್ಮ ಕೂತ ನಾರ್ವೆಯ ಮರ

ಆಗೆಲ್ಲ ನಮ್ಮ ಬನವಾಸಿ ಕಡೆ ಗೋಡೆಯ ಮೇಲಿನ ಚಿತ್ರವೆಂದರೆ ದೇವರ ಚಿತ್ರ. ಬೇರೆಯದಕ್ಕೆ ಮೊಳೆ ಹೊಡೆಯುವ ರೂಢಿಯೇ ಇರಲಿಲ್ಲ. ಅಂಥ ಮನೆಗೆ ಒಂದು ಬೇಸಿಗೆಯಲ್ಲಿ ನಾನು ನಾರ್ವೆ ದೇಶದ ಮರವೊಂದನ್ನು ತಂದೆ.

ಏಳನೇ ಇಯತ್ತೆ ಮುಗಿಸಿದ್ದೆ. ಕಾನಸೂರು ಕಡೆಯವರಾದ ನಮ್ಮ ಡ್ರಾಯಿಂಗ್ ಮಾಸ್ತರರ ಹತ್ತಿರ ನಾರ್ವೆಯ ಚಿತ್ರವಿದ್ದ, ಪರದೇಶದ ಹಳೆಯ ಕ್ಯಾಲೆಂಡರಿನ ಹಾಳೆಯೊಂದಿತ್ತು. ಬಂಡೆಯ ತುದಿಯಲ್ಲಿ ಒಂದು ಮುದಿ ಮರ. ಅರ್ಧ ಸಿಡಿಲಿಗೆ ಸಿಕ್ಕು ಬೋಳಾಗಿದೆ, ಉಳಿದರ್ಧ ಗಾಳಿಗೆ ಬಾಗಿದೆ, ಹಿಂದೆ ಕಪ್ಪು ಮೋಡ. ತರಗತಿಯಲ್ಲಿ ತೋರಿಸುವಾಗಲೂ ಅವರು ಅದರ ಅಂಚನ್ನಷ್ಟೇ ಹಿಡಿಯುತ್ತಿದ್ದರು. ಶಿರಸಿಯ ಚಿತ್ರಸ್ಪರ್ಧೆಗೆ ನಾನು ಅದನ್ನು ನೋಡಿ ಬರೆಯಲೆಂದು ಒಂದು ವಾರದ ಮಟ್ಟಿಗೆ ಕೊಟ್ಟರು.

"ಹಾಳು ಮಾಡ್ಬೇಡ ಮಾರಾಯ್ತಿ, ನನ್ ಹತ್ರ ಇರೋದು ಇದೊಂದೇಯ."

ಅಲ್ಲಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಾಗಿದ ಆ ಟೊಂಗೆ ಪೆನ್ಸಿಲಿಗೆ ಸಿಗುತ್ತಲೇ ಇರಲಿಲ್ಲ. ಬರೆಯುವುದು, ಅಳಿಸುವುದು, ಹಿತ್ತಲಿಗೆ ಹೋಗಿ ಹಲಸಿನ ಹಪ್ಪಳದ ಹಿಟ್ಟು ಕದ್ದು ತಿನ್ನುವುದು, ಮತ್ತೆ ಬಂದು ಕೂರುವುದು. ಗೆಳತಿಯರು ಕುಂಟಾಬಿಲ್ಲೆಗೆ ಕರೆದರೆ ಓಡುತ್ತಿದ್ದೆ; ಅರ್ಧ ಆಟಕ್ಕೆ ಚಿತ್ರ ನೆನಪಾಗಿ ವಾಪಸು ಓಡುತ್ತಿದ್ದೆ. "ಇಕಿ ಕಾಲಿಗೆ ಚಕ್ರ ಕಟ್ಟೈತಿ" ಎಂದು ಅವ್ವ ಬೈದಳು.

ಆ ವರ್ಷ ಅಜ್ಜಿಗೂ ಸಮಾಧಾನವಿರಲಿಲ್ಲ. ನಮ್ಮ ಗದ್ದೆಯ ಬದಿಯಲ್ಲೊಂದು ಹಳೆಯ ಮತ್ತಿ ಮರ. ಅದರ ಬುಡದಲ್ಲಿ ಗದ್ದೆ ಕಾಯುವ ಚೌಡಮ್ಮನ ಕಲ್ಲು. ಮೊದಲ ಮಳೆಗೆ ಮುಂಚೆ ಅವಳಿಗೆ ಕಾಯಿ ಒಡೆಯದೆ ನಾವು ಬಿತ್ತುತ್ತಿರಲಿಲ್ಲ. ಒಡೆಯುವವಳು ಅಜ್ಜಿ. ಈಗ ಮೊಣಕಾಲು ಬಾತು ಅವಳು ಅಂಗಳ ದಾಟುವಂತಿರಲಿಲ್ಲ. ಗುಡುಗು ಕೇಳಿದಾಗೆಲ್ಲ ಗೊಣಗುತ್ತಿದ್ದಳು.

ಚಿತ್ರ ಮರಳಿಸುವ ಹಿಂದಿನ ದಿನ ಆಟ ಮುಗಿಸಿ ಬಂದರೆ ಜಗಲಿಯಲ್ಲಿ ಊದುಬತ್ತಿಯ ವಾಸನೆ. ಗೋಡೆಗೆ ಒರಗಿಸಿದ್ದ ಮಾಸ್ತರರ ಹಾಳೆಯಲ್ಲಿ, ನಾರ್ವೆಯ ಮರದ ಕಾಂಡಕ್ಕೆ ಹೆಬ್ಬೆರಳಗಲ ಅರಿಶಿನ, ಅದರ ಮೇಲೆ ಕುಂಕುಮ. ಎದುರಿಗೆ ಒಡೆದ ತೆಂಗಿನಕಾಯಿ.

"ಅಜ್ಜೀ! ಏನ್ ಮಾಡಿದಿ ಇದು?"

"ಅಷ್ಟು ಹಳೇ ಗಿಡದಾಗ ಚೌಡಮ್ಮ ಇಲ್ಲದಂಗ ಇರ್ತಾಳೇನ? ನನಗ ಹೋಗಾಕ ಆಗಂಗಿಲ್ಲಂತ ಆಕೀನ ನಮ್ಮನಿಗೆ ಬಂದಾಳ."

ರಬ್ಬರು ಹಿಡಿದು ಹೋದರೆ ಅಜ್ಜಿ ಕೈ ಹಿಡಿದಳು. ನಾನು ಅತ್ತೆ, ರಂಪ ಮಾಡಿದೆ, ಊಟ ಸೇರಲಿಲ್ಲ. ಸ್ಪರ್ಧೆ ಹಾಳಾಗಿ ಹೋಗಲಿ, ಮಾಸ್ತರರಿಗೆ ಹೇಗೆ ಮುಖ ತೋರಿಸುವುದು?

ಬೆಳಿಗ್ಗೆ ಅವರೇ ಬಂದರು. ಯಲ್ಲಾಪುರಕ್ಕೆ ವರ್ಗವಾಗಿತ್ತು, ಬಸ್ಸಿಗೆ ಮುಂಚೆ ಚಿತ್ರ ಒಯ್ಯಬೇಕಿತ್ತು. ನೋಡಿದವರೇ ಮುಖ ಕೆಂಪು ಮಾಡಿಕೊಂಡರು. "ಎಂತ ಮಾಡಿಟ್ಟಿದ್ರಿ ಇದು!" ಎನ್ನುತ್ತ ಕಿಸೆಯ ಕರವಸ್ತ್ರ ತೆಗೆದು ಬಾಗಿದರು.

"ಒರಸ್ರಿ ಮಾಸ್ತರ್ರ, ನಾ ಬ್ಯಾಡ ಅನ್ನಂಗಿಲ್ಲ," ಅಜ್ಜಿ ಕೂತಲ್ಲಿಂದಲೇ ಅಂದಳು. "ಪೂಜಿ ಆದ ಚೌಡಮ್ಮನ ಕುಂಕುಮ ಒರಸಾಕ ನಿಮಗ ಕೈ ಬರತೈತೇನ, ನೋಡ್ರಿ."

ಕೈ ಬರಲಿಲ್ಲ. ಕರವಸ್ತ್ರ ಹಿಡಿದ ಕೈ ಚಿತ್ರದ ಹತ್ತಿರವೇ ನಿಂತಿತು. ಕೊನೆಗೆ ಅವರು ಕರವಸ್ತ್ರ ಮಡಚಿ, ಮರವನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, "ಇಲ್ಲೇ ಇರ್ಲಿ ಬಿಡಿ" ಎಂದರು. ಅಜ್ಜಿ ಕೊಟ್ಟ ಕಾಯಿಯ ಹೋಳನ್ನು ಹಿಡಿದು ತಿರುಗಿ ನೋಡದೆ ಹೋದರು. ಚಿತ್ರ ನನಗೇ ದಕ್ಕಿತ್ತು; ಚೂರೂ ಖುಷಿಯಾಗಲಿಲ್ಲ. ಸ್ಪರ್ಧೆಗೆ ಕುಂಕುಮ ಸಮೇತ ಮರ ಬರೆದೆ. ಬಹುಮಾನ ಬರಲಿಲ್ಲ.

ಆಮೇಲೆ ಅಜ್ಜಿ ಹೋದಳು. ರಸ್ತೆ ಅಗಲ ಮಾಡುವಾಗ ಮತ್ತಿ ಮರವೂ ಹೋಯಿತು. ಚೌಡಮ್ಮನ ಕಲ್ಲನ್ನು ಸಿಮೆಂಟು ಕಟ್ಟೆಗೆ ತಂದು ಮೇಲೆ ತಗಡು ಹೊದಿಸಿದ್ದಾರೆ; ಮಧ್ಯಾಹ್ನ ಅಲ್ಲಿ ಬರಿಗಾಲಲ್ಲಿ ನಿಲ್ಲಲಾಗದು.

ಮೊನ್ನೆ ಮೊಬೈಲಿನಲ್ಲಿ ಹುಡುಕಿದಾಗ ಆ ಚಿತ್ರ ಸಿಕ್ಕಿತು. ಬಣ್ಣ ನಿಚ್ಚಳ, ಮೋಡ ಇನ್ನೂ ಕಪ್ಪು, ಒಂದು ಕಲೆಯಿಲ್ಲ. ಯಾರದೋ ಮರ ಅನ್ನಿಸಿ ಮುಚ್ಚಿಬಿಟ್ಟೆ.

ಮೊದಲ ಮಳೆಗೆ ಮುಂಚೆ ಮನೆಯಲ್ಲಿರುವ ಆ ಹಳೆಯ ಹಾಳೆಯ ಎದುರು ಈಗಲೂ ಕಾಯಿ ಒಡೆಯುತ್ತೇನೆ. ಹೊಸ ಕುಂಕುಮ ಮಾತ್ರ ಹಚ್ಚುವುದಿಲ್ಲ. ಅಲ್ಲಿ ಅಜ್ಜಿಯ ಹೆಬ್ಬೆರಳಿನ ಗೆರೆಗಳು ಇನ್ನೂ ಕಾಣುತ್ತವೆ.