ಅರ್ಧಕ್ಕೆ ನಿಂತ ಸುತ್ತು

ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ನಾನು ಗೋಕಾಕ ತಾಲೂಕಿನಲ್ಲಿ, ಕೊಣ್ಣೂರ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಒಂಬತ್ತೂ ಮುಕ್ಕಾಲಿಗೆ ಸೀಟಿ, ಒಂಬತ್ತು ಐವತ್ತಕ್ಕೆ ಪ್ರಾರ್ಥನೆ, ಹತ್ತಕ್ಕೆ ತರಗತಿ. ಈ ಕ್ರಮ ಅಲ್ಲಿಯವರೆಗೆ ತಪ್ಪಿದ್ದಿಲ್ಲ.

ಆ ಜೂನ್‌ನಲ್ಲಿ ಎಂಟನೆಯ ತರಗತಿಗೆ ಮಾಳವ್ವ ಸೇರಿದಳು. ಕುರಿ ಸಾಕುವವರ ಮಗಳು. ಪ್ರಾರ್ಥನೆಯ ನಡುವೆ ಕುಕ್ಕರಗಾಲಿನಲ್ಲಿ ಕುಳಿತುಬಿಡುತ್ತಿದ್ದಳು. ಸೀಟಿ ಊದಿದರೆ ಏಳುವಳು, ಮತ್ತೆ ಕೂರುವಳು.

"ಸರ, ಅಕಿ ಸಾಲಿಗಿ ಬರೂದ ಕುಂದ್ರಾಕರಿ" ಎಂದು ಹಿಂದಿನ ಸಾಲಿನ ಹುಡುಗಿಯರು ನಕ್ಕರು. ನಾಲ್ಕನೆಯ ದಿನ ಶಿಕ್ಷೆ ಕೊಟ್ಟೆ: ಮೈದಾನಕ್ಕೆ ಒಂದು ಸುತ್ತು ಓಟ.

ಅರ್ಧ ಸುತ್ತಿಗೆ ಕುಳಿತಳು. ಗದರಿಸುತ್ತ ಹತ್ತಿರ ಹೋದೆ. ತುಟಿ, ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು.

"ಕುಂತ್ರ ದಮ್ಮ ಆರತೈತ್ರಿ ಸರ. ಉಳದದ್ದ ಆಮ್ಯಾಲ ಓಡತೇನಿ" ಎಂದಳು.

ಮುಖ್ಯಾಧ್ಯಾಪಕರ ಕಾರಿನಲ್ಲಿ ಗೋಕಾಕದ ಆಸ್ಪತ್ರೆಗೆ ಒಯ್ದೆವು. ಆಕ್ಸಿಜನ್ ಕೊಟ್ಟು, ಎಕೋ ಪರೀಕ್ಷೆ ಮಾಡಿದ ವೈದ್ಯರು ವಿವರಿಸಿದರು. ಹುಟ್ಟಿನಿಂದಲೇ ಹೃದಯದ ಒಳಗೋಡೆಯಲ್ಲಿ ರಂಧ್ರವಿದೆ. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದು. ಕುಕ್ಕರಗಾಲಿನಲ್ಲಿ ಕುಳಿತಾಗ ಶ್ವಾಸಕೋಶದ ಕಡೆ ಸ್ವಲ್ಪ ಹೆಚ್ಚು ರಕ್ತ ಹರಿಯುತ್ತದೆ. ಆಪರೇಷನ್ ಆಗಲೇಬೇಕು.

"ಅಕಿ ತನ್ನ ಔಷಧ ತಾನ ತಗೋಳಾಕತ್ತಿದ್ಲು. ನೀವು ಕಸಗೊಂಡ್ರಿ, ಮಾಸ್ತರ" ಎಂದರು.

ಮಧ್ಯಾಹ್ನ ಅವಳ ತಂದೆ ಹೆಗಲ ಕಂಬಳಿಯೊಂದಿಗೇ ಆಸ್ಪತ್ರೆಗೆ ಬಂದರು. ಬೈಗುಳಕ್ಕೆ ಸಿದ್ಧನಾಗಿ ಎದ್ದು ನಿಂತೆ. ಅವರು ಬೈಯಲಿಲ್ಲ.

"ಮರಿ ದಮ್ಮ ಹತ್ತಿ ಕುಂತ್ರ ನಾವು ಬಡದ ಎಬ್ಬಸಂಗಿಲ್ರಿ ಸರ, ಹೆಗಲ ಮ್ಯಾಲ ಹೊರತೇವಿ. ನಿಮಗ ಮೊದಲ ಹೇಳಬೇಕಾಗಿತ್ತು. ಹೇಳಿದ್ರ ಸಾಲಿಗಿ ತಗೋಳಂಗಿಲ್ಲ ಅಂತ ಅಂಜಿದ್ವಿ."

ಮೂವತ್ತು ವರ್ಷ ಊದಿದ ಸೀಟಿಯನ್ನು ಕೊರಳಿನಿಂದ ತೆಗೆದು ಜೇಬಿಗೆ ಹಾಕಿಕೊಂಡೆ.

ದೀಪಾವಳಿ ರಜೆಯಲ್ಲಿ ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಫೆಬ್ರುವರಿಯಲ್ಲಿ ಮಾಳವ್ವ ಶಾಲೆಗೆ ಮರಳಿದಳು. ನಡೆಯಬಹುದು, ಓಡುವುದು ಈಗಲೇ ಬೇಡ ಎಂದು ವೈದ್ಯರು ಬರೆದುಕೊಟ್ಟಿದ್ದರು. ಚೀಟಿಯನ್ನು ನನ್ನ ಕೈಗಿಟ್ಟು, "ಅರ್ಧಾ ಸುತ್ತ ಬಾಕಿ ಐತ್ರಿ ಸರ" ಎಂದಳು.

"ಅದನ್ನ ನಾ ಮಾಫ್ ಮಾಡೇನವಾ."

"ನಾ ಮಾಫ್ ಮಾಡಿಲ್ಲರಿ."

ಅಂದು ಕುಳಿತಿದ್ದ ಜಾಗದಿಂದಲೇ ಹೊರಟಳು. ನಾನೂ ಜೊತೆಗೆ ನಡೆದೆ. ಮೆಲ್ಲಗೆ ನಡೆದು ಮುಗಿಸಿದೆವು. ಅವಳ ತುಟಿಯ ಬಣ್ಣ ಬದಲಾಗಲಿಲ್ಲ.

ಆಮೇಲಿನ ಎರಡು ವರ್ಷಗಳಲ್ಲೂ ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳು ಕುಳಿತದ್ದುಂಟು. ಸೀಟಿಯನ್ನು ಜೇಬಿನಲ್ಲೇ ಬಿಟ್ಟು, ಮೊದಲು ಅವರ ಪಕ್ಕದಲ್ಲಿ ನಾನೂ ಕೂರುತ್ತಿದ್ದೆ. ಕೆಲವು ದಿನ ಪ್ರಾರ್ಥನೆ ಎರಡು ನಿಮಿಷ ತಡವಾಯಿತು.