ಛತ್ರದ ಬಾಗಿಲಿನ ದೆವ್ವ

ಕುಂಪಣಿ ದಂಡು ಪಟ್ಟಣದ ಕಡೆ ಬರುತ್ತಿದ್ದ ವಾರ ಕಿರಂಗೂರಿನಲ್ಲಿ ಅದಕ್ಕಿಂತ ಗಂಭೀರ ಸುದ್ದಿಯಿತ್ತು: ಛತ್ರದ ಒಂದು ಕೋಣೆಯ ಬಾಗಿಲು ಕಿರುಗುಟ್ಟುತ್ತಿತ್ತು. ಊರಗೌಡರು ಬಡಗಿಯಾದ ನನ್ನನ್ನು ಕರೆಸಿದರು.

ಮೂರು ವರ್ಷದ ಹಿಂದೆ ಆ ಕೋಣೆಯಲ್ಲಿ ಒಬ್ಬ ವರ್ತಕ ಸತ್ತಿದ್ದ. ಅಗುಳಿ ಒಳಗಿನಿಂದ ಹಾಕಿತ್ತು. ಯಾರೂ ಒಳಗೆ ಹೋಗಿರಲಾರರು, ಆದ್ದರಿಂದ ಊಟದಲ್ಲೇ ವಿಷ ಎಂದು ಊರು ತೀರ್ಮಾನಿಸಿತ್ತು. ಅಡುಗೆಯ ತಿಮ್ಮವ್ವನ ಕೈಯ ನೀರನ್ನೂ ಯಾರೂ ಕುಡಿಯುತ್ತಿರಲಿಲ್ಲ. ಕಿರುಗುಟ್ಟುವುದು ವರ್ತಕನ ದೆವ್ವ ಎಂದು ಛತ್ರ ನೋಡಿಕೊಳ್ಳುವವನು ಎಲ್ಲರಿಗೂ ಹೇಳುತ್ತಿದ್ದ.

ಬಾಗಿಲು ತಿರುಗುವ ಮೂಲೆಗೆ ಅರಗು ಮೆತ್ತಿತ್ತು. ಬೆರಳಾಡಿಸಿ ನೋಡಿದೆ.

"ಯಾರೋ ಇಲ್ಲಿ ಕೊರೆದು ಬಾಗಿಲನ್ನೇ ಎತ್ತಿ ತೆಗೆದವ್ರೆ ಗೌಡ್ರೇ. ಆಮೇಲೆ ಬೇರೆ ತುಂಡು ಕೂರ್ಸವ್ರೆ. ಅದೇ ಉಜ್ಕತಾ ಐತೆ."

"ಸುಮ್ಕಿರಯ್ಯ ಆಚಾರಿ! ಗಟ್ಟಿ ಹುಣಸೆ ತುಂಡು, ಅದ್ಯಾಕೆ ಉಜ್ತದೆ?" ಎಂದು ಛತ್ರದವನು ರೇಗಿದ.

ಅರಗಿನ ಕೆಳಗಿನ ಮರ ಯಾವುದೆಂದು ನನಗಿನ್ನೂ ಗೊತ್ತಿರಲಿಲ್ಲ. ಉಳಿಯಿಂದ ಕೆರೆದೆ. ಹುಣಸೆಯೇ.

"ನಿಂಗೆಂಗ್ಲಾ ಗೊತ್ತಾಯ್ತು?" ಎಂದರು ಗೌಡರು, ಛತ್ರದವನ ಕಡೆ ತಿರುಗಿ.

ದೆವ್ವ ಹೇಳಿತು ಎನ್ನುವಷ್ಟು ಸಮಯಪ್ರಜ್ಞೆ ಅವನಿಗಿರಲಿಲ್ಲ.

ವರ್ತಕನ ಉಂಗುರ ಛತ್ರದವನ ಅಟ್ಟದಲ್ಲಿ ಸಿಕ್ಕಿತು. ತಿಮ್ಮವ್ವ ಮೊದಲು ಗೌಡರಿಗೆ, ಆಮೇಲೆ ನನಗೆ ನೀರು ಕೊಟ್ಟಳು. ಇಬ್ಬರೂ ಕುಡಿದೆವು. ಬಾಗಿಲನ್ನು ಸಾಕ್ಷಿಗೆಂದು ಹಾಗೇ ಇಟ್ಟರು. ಅದು ಈಗಲೂ ಕಿರುಗುಟ್ಟುತ್ತದೆ.