ಹಡಗಿನ ಮೇಲೆ ಗಂಗೆಪೂಜೆ

ಹಡಗಿನ ಮೇಲ್ಮಹಡಿಯ ಈಜುಕೊಳದ ಅಂಚಿನಲ್ಲಿ ಕೂತು ನಮ್ಮತ್ತೆ ನೀರಿಗೆ ಅರಿಶಿನ ಹಾಕುತ್ತಿದ್ದರು. ಕೊಳದ ಕಾವಲುಗಾರನ ಸೀಟಿ ಕೇಳಿ ನಾನು ಓಡಿಬರುವಷ್ಟರಲ್ಲಿ ಕೊಳದ ಒಂದು ಮೂಲೆ ಹಳದಿಯಾಗಿತ್ತು. ಈಜುತ್ತಿದ್ದವರೆಲ್ಲ ಇನ್ನೊಂದು ಮೂಲೆಗೆ ಸರಿದಿದ್ದರು.

ರಜೆಗೆ ವಿಮಾನದಲ್ಲಿ ಹೋಗೋಣವೆಂದರೆ ಅತ್ತೆ ಸುತರಾಂ ಒಪ್ಪಿರಲಿಲ್ಲ. "ಆಕಾಸದಲ್ಲಿ ಏನಾರ ಆದ್ರೆ ಯಾರ್ಗವ್ವ ಕೈ ಮುಗೀಲಿ? ನೀರಾದ್ರೆ ಗಂಗಮ್ಮ ಇರ್ತಾಳೆ" ಎಂದಿದ್ದರು. ಅದಕ್ಕೇ ಹನಗೋಡಿನಿಂದ ಕೊಚ್ಚಿಗೆ ಬಂದು ಹಡಗು ಹತ್ತಿದ್ದೆವು. ಹೊಳೆ ದಾಟುವ ಮುಂಚೆ ಗಂಗೆಗೆ ಅರಿಶಿನ ಕುಂಕುಮ ಕೊಡುವುದು ನಮ್ಮ ಮನೆಯ ವಾಡಿಕೆ. ಇಲ್ಲಿ ಸಮುದ್ರ ಎಲ್ಲೋ ಕೆಳಗಿತ್ತು. ಪೂಜೆಯಾಗಲಿಲ್ಲವೆಂದು ಬೆಳಗಿನಿಂದ ತುತ್ತು ಮುಟ್ಟದ ಅತ್ತೆ, ಕೊನೆಗೆ ಕೈಗೆಟುಕಿದ ನೀರಿಗೇ ಸಲ್ಲಿಸಿಬಿಟ್ಟಿದ್ದರು.

ನಮ್ಮನ್ನು ಮುಂದಿನ ಬಂದರಿನಲ್ಲೇ ಇಳಿಸುತ್ತಾರೆಂದು ಹೆದರಿ ನಾನು ಇಂಗ್ಲಿಷಿನಲ್ಲಿ ಕ್ಷಮೆ ಕೇಳತೊಡಗಿದೆ. ಆ ಮಲಯಾಳಿ ಕಾವಲುಗಾರ ನನ್ನತ್ತ ನೋಡಲೇ ಇಲ್ಲ. ಅತ್ತೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅಚ್ಚ ನಮ್ಮ ಕಡೆಯ ಕನ್ನಡದಲ್ಲಿ ಹೇಳಿದ:

"ನಮ್ಮಪ್ಪ ಎಚ್.ಡಿ. ಕೋಟೆಲಿ ಜಮೀನು ಗುತ್ತಿಗೆ ಹಿಡ್ದು ಶುಂಠಿ ಹಾಕಿದ್ರು ಕಣಮ್ಮ, ನಾನು ಬೆಳೆದಿದ್ದೇ ಅಲ್ಲಿ. ಬೋರಲ್ಲಿ ನೀರು ಬಂದಾಗ ನಾವೂ ಇಂಗೇ ಪೂಜೆ ಮಾಡ್ತಿದ್ವಿ. ಕೊಳ ಬೇಡ, ತಾಳಿ."

ಒಂದು ಬಕೆಟ್‌ನಲ್ಲಿ ನೀರು ತಂದಿಟ್ಟ. ಅತ್ತೆ ಅದಕ್ಕೆ ಕುಂಕುಮವಿಟ್ಟು ಕೈ ಮುಗಿದರು. ಅವನೂ ಟೋಪಿ ತೆಗೆದು ಕೈ ಮುಗಿದ. ಆಮೇಲೆ ಅತ್ತೆ ಊಟದ ಕೋಣೆಯಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡರು.

ಈಗ ನಮ್ಮೂರ ಲಕ್ಷ್ಮಣತೀರ್ಥದ ಸೇತುವೆ ದಾಟುವಾಗಲೆಲ್ಲ ಅತ್ತೆ ಬಸ್ಸಿನ ಕಿಟಕಿಯಿಂದ ಬಗ್ಗಿ ಹೊಳೆಗೆ ಸುದ್ದಿ ಮುಟ್ಟಿಸುತ್ತಾರೆ: "ಸಮುದ್ರದಲ್ಲಿ ನಿಮ್ಮಕ್ಕನ್ನ ನೋಡ್ಕಂಡ್ ಬಂದೆ ಕಣವ್ವ. ಚೆನ್ನಾಗವ್ಳೆ."